ಪೇಟೆ ಬೀದಿಗೆ ಹೆಂಗಸರು ಮರಳಿ ಬಂದದ್ದು

ನಮ್ಮದು ಹಾವೇರಿ ಜಿಲ್ಲೆಯ ಒಂದು ಪುರಸಭೆ ಊರು. ಪೇಟೆ ಬೀದಿಯಲ್ಲಿ ನಮ್ಮ ಬಳೆ ಅಂಗಡಿ ಇದೆ. ಅತ್ತೆಯ ಕಾಲದಲ್ಲಿ ಸಂತೆ ದಿನ ಊಟಕ್ಕೂ ಪುರುಸೊತ್ತು ಸಿಗುತ್ತಿರಲಿಲ್ಲವಂತೆ. ನನ್ನ ಕಾಲಕ್ಕೆ ಹನ್ನೆರಡಕ್ಕೆಲ್ಲ ಬೀದಿ ಖಾಲಿ. ಹೊಸ ಅಂಗಡಿಗಳೆಲ್ಲ ಬೈಪಾಸ್ ಕಡೆ ಹೋದವು, ಅದಕ್ಕೇ ಹೀಗೆ ಅಂತ ಎಲ್ಲರೂ ಹೇಳುತ್ತಿದ್ದರು. ನಾನೂ ನಂಬಿದ್ದೆ.

ಒಂದು ಸಂತೆ ದಿನ ಹಳ್ಳಿಯ ಹೆಂಗಸೊಬ್ಬರು ಮಗಳ ಮದುವೆಗೆ ಹಸಿರು ಬಳೆ ಆರಿಸುತ್ತಿದ್ದರು. ನಡುವೆಯೇ ಎದ್ದು ಕಿವಿ ಹತ್ತಿರ ಬಂದು, "ಯಕ್ಕಾ, ಇಲ್ಲೆ ಎಲ್ಲಿಯಾರ ಹೋಗಾಕ ಜಾಗ ಐತೇನ್ರಿ?" ಅಂದರು. ಇರಲಿಲ್ಲ. ಶೌಚಕ್ಕೆ ನಾನೇ ಹಿಂದಿನ ಓಣಿಯ ನೆಂಟರ ಮನೆಗೆ ಹೋಗುತ್ತಿದ್ದೆ. ಅವರನ್ನೂ ಅಲ್ಲಿಗೇ ಕರೆದುಕೊಂಡು ಹೋದೆ. ಆಮೇಲೆ ಅಂಗಡಿಗೆ ಬಂದ ಹೆಂಗಸರನ್ನೆಲ್ಲ ವಿಚಾರಿಸತೊಡಗಿದೆ. ಬೆಳಗ್ಗೆ ನೀರು ಕುಡಿಯದೆ ಬರ್ತೀವಿ, ಹನ್ನೊಂದರ ಬಸ್ಸಿಗೆ ವಾಪಸ್ ಹೋಗ್ತೀವಿ. ಹೆಚ್ಚುಕಡಿಮೆ ಎಲ್ಲರದೂ ಇದೇ ಮಾತು. ಬಳೆ, ಸೀರೆ, ಪಾತ್ರೆ, ಕಿರಾಣಿ ಕೊಳ್ಳುವವರು ಅವರೇ ಅಲ್ವಾ?

ಕರ್ನಾಟಕದ ಪುರಸಭೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. 2018ರಲ್ಲಿ ನಮ್ಮ ವಾರ್ಡು ಮಹಿಳೆಗೆ ಬಂತು. ಪಕ್ಷೇತರಳಾಗಿ ನಿಂತೆ. ಬ್ಯಾನರ್ ಕಟ್ಟಿಸಲಿಲ್ಲ, ಒಂದು ನೋಟ್‌ಬುಕ್ ಹಿಡಿದು ಮನೆಮನೆಗೆ ಹೋದೆ. "ಮೊದ್ಲ ಗಟಾರ ನೋಡವ್ವಾ" ಅಂದರು ಹಿರಿಯರು. ಗಟಾರ ಮತ್ತು ಹೆಂಗಸರ ಶೌಚಾಲಯ, ಎರಡೇ ಮಾತು ಕೊಟ್ಟೆ. 43 ಮತಗಳಿಂದ ಗೆದ್ದೆ.

ಗೆದ್ದರೂ ಕೂರಲು ಕುರ್ಚಿ ಇರಲಿಲ್ಲ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ವಿಷಯ ಹೈಕೋರ್ಟ್‌ಗೆ ಹೋಯಿತು. 2020ರ ಕೊನೆಯವರೆಗೆ ಆಡಳಿತಾಧಿಕಾರಿಯದೇ ಕಾರುಬಾರು. ಆ ಎರಡು ವರ್ಷ ನನಗೆ ತುಂಬಾ ಸಂಕಟವಾಯಿತು. ಆದರೆ ಸುಮ್ನೆ ಕೂರಲಿಲ್ಲ. ಬೀದಿ ಅಗಲ ಮಾಡಲು ತರಕಾರಿಯವರನ್ನು ಎಬ್ಬಿಸಿ ಅಂತ ಕೆಲವರು ಪಟ್ಟು ಹಿಡಿದಿದ್ದರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಓದಿಸಿಕೊಂಡೆ. ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವ ಹಾಗಿಲ್ಲ ಎಂದು ಅದರಲ್ಲಿದೆ. ಬೆಳಗ್ಗೆಯಿಂದ ಸಂಜೆವರೆಗೆ ಕೂರುವ ಆ ಹೆಂಗಸರಿಗೆ ಶೌಚಾಲಯ ಎಲ್ಲರಿಗಿಂತ ಜಾಸ್ತಿ ಬೇಕಿತ್ತು. ಅರ್ಜಿಗೆ ಮೊದಲು ಹೆಬ್ಬೆಟ್ಟು ಒತ್ತಿದವರೂ ಅವರೇ.

ಪುರಸಭೆಯ ಸಭೆ ಶುರುವಾದ ಮೇಲೆ ಶೌಚಾಲಯದ ಠರಾವಿಗೆ ಯಾರೂ ಬೇಡ ಅನ್ನಲಿಲ್ಲ. ಜಾಗದ ಮಾತು ಬಂದಾಗ ಮಾತ್ರ ಒಬ್ಬೊಬ್ಬ ಅಂಗಡಿಯವರೂ, "ಕೆಲಸ ಒಳ್ಳೇದೈತಿ, ಆದ್ರ ನಮ್ಮ ಬಾಜೂಕ ಬ್ಯಾಡ್ರಿ" ಅಂದರು. ನಾಲ್ಕು ಸಭೆ ಹೀಗೇ ಹೋಯಿತು. ಕೊನೆಗೆ ನಮ್ಮ ಅಂಗಡಿ ಗೋಡೆಗೆ ಅಂಟಿಕೊಂಡ ಪುರಸಭೆ ಜಾಗದಲ್ಲೇ ಕಟ್ಟಿ ಅಂದೆ. ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ.

ನಕ್ಷೆಯಲ್ಲಿ ಬಾಗಿಲು ಬೀದಿಗೆ ಮುಖ ಮಾಡಿತ್ತು. ಎದುರಿಗೇ ಚಹಾ ಅಂಗಡಿ, ಗಂಡಸರ ಗುಂಪು. ಯಾವ ಹೆಂಗಸು ಒಳಗೆ ಕಾಲಿಡುತ್ತಾಳೆ? ಬಾಗಿಲನ್ನು ಓಣಿ ಕಡೆಗೆ ತಿರುಗಿಸಿ, ಮುಂದೆ ಒಂದು ಅಡ್ಡಗೋಡೆ ಹಾಕಿಸಲು ಎಂಜಿನಿಯರ್ ಹಿಂದೆ ತಿಂಗಳುಗಟ್ಟಲೆ ಅಲೆದೆ. ನೋಡಿಕೊಳ್ಳಲು ಹೆಣ್ಣಾಳೇ ಬೇಕು ಅಂತಲೂ ಬರೆಸಿದೆ. ಕಟ್ಟಡಕ್ಕಿಂತ ಈ ಮೂರು ಸಾಲು ಬರೆಸಿದ್ದೇ ನನಗೆ ಹೆಚ್ಚು.

ಈಗ ಸಂತೆ ದಿನ ಮೂರರ ಬಸ್ಸಿಗೂ ಹೆಂಗಸರು ಕಾಯುತ್ತಿರುತ್ತಾರೆ. ಮುಚ್ಚಿದ್ದ ಎರಡು ಅಂಗಡಿ ಬಾಗಿಲು ತೆರೆದಿವೆ, ಒಂದು ಸೀರೆಯದು, ಇನ್ನೊಂದು ಖಾನಾವಳಿ. ಬೇಸಿಗೆಯಲ್ಲಿ ಟ್ಯಾಂಕಿಗೆ ನೀರು ಸಾಲುವುದಿಲ್ಲ. ಪುರಸಭೆಗೆ ಬೋರ್‌ವೆಲ್ ಅರ್ಜಿ ಬರೆದಿಟ್ಟಿದ್ದೇನೆ.