ಗುಡ್ಡೆ ಒಂದೇ, ರಿಪೋರ್ಟ್ ಎರಡು: ಅದಿರು ಪರೀಕ್ಷೆಯ ತಕರಾರು ಬಿಡಿಸಿ ನೋಡುವುದು ಹೇಗೆ?

ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಗಣಿ ಲಾರಿ ಓಡಾಡುವ ರಸ್ತೆ ಬದಿಯ ಊರುಗಳಿಗೆ ಕೆಂಪು ದೂಳು ಹೊಸದಲ್ಲ. ಆ ದೂಳಿನ ‘ಗ್ರೇಡ್’, ಅಂದರೆ ಅದಿರಿನಲ್ಲಿ ಕಬ್ಬಿಣ ಎಷ್ಟಿದೆ ಎಂಬುದರ ಹೆಸರಲ್ಲಿ ನಡೆಯುವ ಜಗಳ ಮಾತ್ರ ಕಚೇರಿಯ ಫೈಲು ದಾಟಿ ಬರುವುದಿಲ್ಲ. ಕಂಪನಿ ರಿಪೋರ್ಟಿನಲ್ಲಿ ಕಬ್ಬಿಣದ ಅಂಶ ಶೇ 57.4, ಗಣಿ ಇಲಾಖೆಯದರಲ್ಲಿ 58.6 ಎನ್ನಿ. ಇಷ್ಟಕ್ಕೇ ನೋಟಿಸು, ಕೋರ್ಟು.

ಕಾರಣ ಇದೆ. ಕಬ್ಬಿಣದ ಅದಿರಿಗೆ ಗಣಿ ಕಂಪನಿ ಸರ್ಕಾರಕ್ಕೆ ಕಟ್ಟುವ ರಾಯಧನ (ರಾಯಲ್ಟಿ) ಶೇ 15. ಅದನ್ನು ಕಟ್ಟಿಸಿಕೊಳ್ಳುವುದು ಭಾರತೀಯ ಗಣಿ ಬ್ಯೂರೊ ತಿಂಗಳು ತಿಂಗಳು ಪ್ರಕಟಿಸುವ ಸರಾಸರಿ ಮಾರಾಟ ಬೆಲೆಯ ಮೇಲೆ. ಆ ಪಟ್ಟಿ ಕಬ್ಬಿಣದ ಅಂಶ ಶೇ 55, 58, 60, 62, 65ಕ್ಕೆ ಗೆರೆ ಎಳೆದಿದೆ. 58ರ ಈಚೆ ಒಂದು ಬೆಲೆ, ಆಚೆ ಇನ್ನೊಂದು. ಹರಾಜಿಲ್ಲದೆ ಕೊಟ್ಟ ಹಳೆಯ ಗುತ್ತಿಗೆಯಾದರೆ ರಾಯಧನದ ಶೇ 30ರಷ್ಟು, ಹರಾಜಿನದಾದರೆ ಶೇ 10ರಷ್ಟು ಮೊತ್ತ ಗಣಿಬಾಧಿತ ಊರುಗಳಿಗಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಬರಬೇಕು. ಗ್ರೇಡ್ ಇಳಿದರೆ ಹಳ್ಳಿಯ ಪಾಲೂ ಇಳಿಯುತ್ತದೆ.

ಮೊದಲು ಗುಡ್ಡೆ ನೋಡಿ

ಎಲ್ಲರೂ ಲ್ಯಾಬ್ ಯಾವುದು ಎಂದು ಕೇಳುತ್ತಾರೆ. ನಾನಾದರೆ ಸ್ಯಾಂಪಲ್ ಎಲ್ಲಿಂದ ತೆಗೆದಿರಿ ಎಂದು ಕೇಳುತ್ತೇನೆ. ತಿಪಟೂರಿನಲ್ಲಿ ಕೊಬ್ಬರಿ ಕೊಳ್ಳುವವರು ಮೇಲಿನ ನಾಲ್ಕು ಗಿಟುಕು ನೋಡಿ ರೇಟು ಹೇಳುವುದಿಲ್ಲ, ಚೀಲದ ತಳಕ್ಕೂ ಕೈ ಹಾಕುತ್ತಾರೆ. ಟಿಪ್ಪರ್ ಅದಿರು ಸುರಿದಾಗ ದಪ್ಪ ಕಲ್ಲು ಉರುಳಿ ಗುಡ್ಡೆಯ ಅಂಚಿಗೆ ಬೀಳುತ್ತದೆ, ಪುಡಿ ನಡುವೆ ಉಳಿಯುತ್ತದೆ. ಎರಡರಲ್ಲೂ ಕಬ್ಬಿಣ ಒಂದೇ ಸಮ ಇರುವುದಿಲ್ಲ. ಅಂಚಿನಲ್ಲಿ ಬಾಚಿದವರಿಗೆ ಒಂದು ಅಂಕಿ, ನೆತ್ತಿಯಲ್ಲಿ ಬಾಚಿದವರಿಗೆ ಇನ್ನೊಂದು. ಯಾರೂ ಸುಳ್ಳು ಹೇಳದೆಯೂ ಜಗಳ ಹುಟ್ಟುತ್ತದೆ!

ಸ್ಯಾಂಪಲ್ ತೆಗೆಯಲು ಐಎಸ್ 1405 ಎಂಬ ಮಾನಕವಿದೆ. ಬಾಚಿ ತಂದದ್ದನ್ನು ಪುಡಿ ಮಾಡಿ, ಕಲಸಿ, ರಾಶಿ ಹಾಕಿ, ರೊಟ್ಟಿಯಂತೆ ತಟ್ಟಿ ನಾಲ್ಕು ಪಾಲು ಮಾಡುತ್ತಾರೆ. ಎದುರುಬದುರಿನ ಎರಡು ಪಾಲು ಉಳಿಸಿ, ಮಿಕ್ಕಿದ್ದನ್ನು ಬಿಡುತ್ತಾರೆ. ಬೇಕಾದಷ್ಟು ಕುಗ್ಗುವವರೆಗೆ ಇದೇ ಕೆಲಸ. ಕೊನೆಗೆ ಉಳಿದ ಪುಡಿಯಲ್ಲಿ ಕಂಪನಿಗೊಂದು, ಇಲಾಖೆಗೊಂದು ಪೊಟ್ಟಣ ಹೋದ ಮೇಲೆ ಮೂರನೆಯದು ಎರಡೂ ಕಡೆಯ ಸಹಿ, ಮೊಹರಿನೊಂದಿಗೆ ಎತ್ತಿಟ್ಟಿದೆಯೇ ನೋಡಿ. ಅದಿಲ್ಲದಿದ್ದರೆ ‘ಮರುಪರೀಕ್ಷೆ’ ಎಂದು ಮಾಡುವುದು ಬೇರೆಯೇ ಮಣ್ಣಿನ ಪರೀಕ್ಷೆ.

ಆಮೇಲೆ ನೀರಿನ ಲೆಕ್ಕ

ಶೇಕಡಾವಾರು ಅಂಕಿ ಒಣ ಅದಿರಿನದೋ ಹಸಿಯದೋ? ಲ್ಯಾಬಿನಲ್ಲಿ 105 ಡಿಗ್ರಿಯಲ್ಲಿ ಒಣಗಿಸಿ ಅಳೆಯುತ್ತಾರೆ. ವೇಬ್ರಿಜ್ ಮೇಲೆ ಲಾರಿ ನಿಲ್ಲುವುದು ಹಸಿ ಅದಿರಿನೊಂದಿಗೆ. ಒಣ ಲೆಕ್ಕದಲ್ಲಿ 58.3 ಇರುವ ಅದಿರಿನಲ್ಲಿ ಶೇ 6ರಷ್ಟು ತೇವವಿದ್ದರೆ ಹಸಿ ಲೆಕ್ಕಕ್ಕೆ 54.8 ಆಗುತ್ತದೆ. ಏಕಕಾಲಕ್ಕೆ ಎರಡು ಗೆರೆ ಕೆಳಗೆ! ಮಳೆಗಾಲದ ರಿಪೋರ್ಟುಗಳನ್ನು ಹೋಲಿಸುವಾಗ ಈ ಒಂದು ಸಾಲು ಮರೆಯಬೇಡಿ.

ಲ್ಯಾಬಿಗೆ ಕೊನೆಯ ಸರದಿ. ಪುಡಿಯನ್ನು ಆಮ್ಲದಲ್ಲಿ ಕರಗಿಸಿ, ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ನೇರಳೆ ಬಣ್ಣ ನಿಂತ ಕ್ಷಣಕ್ಕೆ ಲೆಕ್ಕ ಬರೆಯುವುದು ಹಳೆಯ, ಗಟ್ಟಿ ವಿಧಾನ. ಎರಡು ಲ್ಯಾಬ್‌ಗಳ ನಡುವೆ ದಶಮಾಂಶದ ವ್ಯತ್ಯಾಸ ಸಹಜ. ಹೆಮಟೈಟ್ ಎಂಬ ಕಬ್ಬಿಣದ ಖನಿಜ ಪೂರ್ತಿ ಶುದ್ಧವಿದ್ದರೂ ಅದರಲ್ಲಿ ಕಬ್ಬಿಣ ಶೇ 70 ಮುಟ್ಟುವುದಿಲ್ಲ, ಹಾಗಾಗಿ ಹೆಮಟೈಟ್ ಅದಿರಿಗೆ 71 ಎಂದು ಬರೆದ ರಿಪೋರ್ಟನ್ನು ಪಕ್ಕಕ್ಕಿಡಿ.

ಇನ್ನೊಂದು ಕಾಗದವೂ ಬೇಕು: ಖರೀದಿದಾರರಿಗೆ ಕೊಟ್ಟ ರಿಪೋರ್ಟ್. ರಾಯಧನಕ್ಕೆ 57 ಎಂದ ಅದಿರೇ ಉಕ್ಕಿನ ಕಾರ್ಖಾನೆಯ ಬಿಲ್ಲಿನಲ್ಲಿ 60 ಆಗಿದ್ದರೆ ಮುಂದೆ ಹೆಚ್ಚು ಮಾತು ಬೇಡ.

2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ತುಮಕೂರಿನ ಗಣಿಗಾರಿಕೆ ನಿಲ್ಲಿಸಿತು. ಅಲ್ಲಿಂದ ಮುಂದೆ ರಾಶಿ ಬಿದ್ದಿದ್ದ ಅದಿರೂ, ಗಣಿ ಮತ್ತೆ ತೆರೆದ ಮೇಲಿನ ಅದಿರೂ ಇ-ಹರಾಜಿನಲ್ಲೇ ಹೋಗುತ್ತಿತ್ತು, ಲಾಟಿನ ಜೊತೆ ಗ್ರೇಡೂ ಕಾಣುತ್ತಿತ್ತು. 2022ರ ಮೇ 20ರ ಆದೇಶದಿಂದ ನೇರ ಮಾರಾಟಕ್ಕೂ ದಾರಿಯಾಯಿತು. ಗ್ರೇಡ್ ತಕರಾರಿನಲ್ಲಿ ಕಂಪನಿಗಾದರೆ ಇಲಾಖೆಯ ಆದೇಶ ಪ್ರಶ್ನಿಸಲು ಗಣಿ ಮತ್ತು ಖನಿಜ (ಎಂಎಂಡಿಆರ್) ಕಾಯ್ದೆಯ 30ನೇ ಸೆಕ್ಷನ್ ಇದೆ. ಊರಿನವರಿಗೆ ಇರುವುದು ಮಾಹಿತಿ ಹಕ್ಕು: ಶುಲ್ಕ 10 ರೂಪಾಯಿ, ಗಡುವು 30 ದಿನ. ಅರ್ಜಿಯಲ್ಲಿ ಬರೀ ‘ಪರೀಕ್ಷಾ ವರದಿ’ ಎಂದು ಬರೆದರೆ ಒಂದು ಹಾಳೆ ಕೈಗಿಡುತ್ತಾರೆ. ಗುಡ್ಡೆಯ ನಂಬರು ಹಾಕಿ, ಸ್ಯಾಂಪಲ್ ತೆಗೆದ ದಿನದ ಮಹಜರು, ತೇವಾಂಶದ ದಾಖಲೆ, ಮೂರನೇ ಪೊಟ್ಟಣ ಈಗ ಯಾರ ಬೀರುವಿನಲ್ಲಿದೆ ಎಂಬ ವಿವರ ಕೇಳಿ.