ಸಂಜೆ 7ಕ್ಕೆ ಶೆಡ್ಡಿನ ಬಾಗಿಲಲ್ಲಿ

ಬೆಂಗಳೂರಿನ ಹೊರವಲಯದಲ್ಲಿ ಕ್ಷಯರೋಗಿಗಳ ಮನೆ ಭೇಟಿ ನನ್ನ ಕೆಲಸ. ಮನೆಯೆಂದರೆ ಬಹುಪಾಲು ತಗಡಿನ ಶೆಡ್ಡು. ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಬಂದ ಕಟ್ಟಡ ಕಾರ್ಮಿಕರದು. ಮೊದಮೊದಲು ಬೆಳಿಗ್ಗೆ 11ಕ್ಕೆ ಹೋಗಿ, ಮಕ್ಕಳನ್ನಷ್ಟೇ ಮಾತನಾಡಿಸಿ ಬರುತ್ತಿದ್ದೆ. ಸರ್ಕಾರಿ ಕ್ಲಿನಿಕ್ ಬಾಗಿಲು ಹಾಕುವ ಹೊತ್ತಿಗೂ ದೊಡ್ಡವರು ಸಾರುವೆಯ ಮೇಲೆಯೇ ಇರುತ್ತಿದ್ದರು. ಒಂದು ದಿನ ತಪ್ಪಿದರೆ ಆ ದಿನದ ಕೂಲಿ ಇಲ್ಲ. ಹಾಗಾಗಿ ನನ್ನ ವೇಳೆಯನ್ನೇ ಬದಲಿಸಿದೆ. ಸಂಜೆ 7ಕ್ಕೆ, ಒಲೆ ಹೊತ್ತಿಸಿದ ಮೇಲೆ ಹೋಗತೊಡಗಿದೆ.

ಹಾಗೆ ಸಿಕ್ಕವರಲ್ಲಿ ಒಬ್ಬ ತಾಯಿ. ತಿಂಗಳಿಂದ ಕೆಮ್ಮು, ಸಂಜೆಯಾದರೆ ಜ್ವರ. ಆಧಾರ್‌ನಲ್ಲಿ ಊರಿನ ವಿಳಾಸವಿದೆಯೆಂದು ಒಂದು ಆಸ್ಪತ್ರೆಯಲ್ಲಿ ‘ನಿಮ್ಮೂರಿನಲ್ಲೇ ತೋರಿಸಿ’ ಎಂದು ಕಳುಹಿಸಿದ್ದರಂತೆ. ಕೇಳಿ ಹೊಟ್ಟೆ ಉರಿಯಿತು. ಕ್ಷಯದ ಪರೀಕ್ಷೆ, ಮಾತ್ರೆ ದೇಶದ ಯಾವ ಸರ್ಕಾರಿ ಆಸ್ಪತ್ರೆಯಲ್ಲಾದರೂ ಉಚಿತ. ಅಂದೇ ಡಬ್ಬಿ ಕೊಟ್ಟೆ: ‘ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಹೊರಗೆ ಬಯಲಿನಲ್ಲಿ ನಿಂತು ಎದೆಯಾಳದಿಂದ ಕೆಮ್ಮಬೇಕು. ಉಗುಳು ಬೇಡ, ಕಫ ಬೇಕು.’ ಮರುದಿನ ಬೆಳಿಗ್ಗೆ 6ಕ್ಕೆ ಹೋಗಿ ಆ ಡಬ್ಬಿಯನ್ನು ನಾನೇ ಪರೀಕ್ಷೆಗೆ ತೆಗೆದುಕೊಂಡು ಬಂದೆ. ಕ್ಷಯವೆಂದು ಖಚಿತವಾಯಿತು. ಗಂಡ, ಮಕ್ಕಳ ತಪಾಸಣೆಯನ್ನೂ ಮಾಡಿಸಿದೆ.

ಮಾತ್ರೆ ಶುರುವಾದ ದಿನವೇ ಹೇಳಬೇಕಾದ ಮಾತೊಂದಿದೆ: ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದು ರಕ್ತವಲ್ಲ. ಹಿಂದೊಬ್ಬರಿಗೆ ನಾನು ಇದನ್ನು ಹೇಳಿರಲಿಲ್ಲ. ಅವರು ಹೆದರಿ ಮಾತ್ರೆ ಬಿಟ್ಟರು. ಆ ತಪ್ಪು ಇಂದಿಗೂ ನನ್ನನ್ನು ಕಾಡುತ್ತದೆ.

ಇನ್ನು ವಿಳಾಸದ ತೊಡಕು. ಕೆಲಸ ಮುಗಿದರೆ ಶೆಡ್ಡೇ ಎದ್ದು ಹೋಗುತ್ತದೆ. ಅದಕ್ಕೇ ನನ್ನ ಪುಸ್ತಕದಲ್ಲಿ ‘ನೀರಿನ ಟ್ಯಾಂಕಿನ ಹಿಂದೆ, ಮೂರನೇ ಸಾಲು’ ಎಂದು ಬರೆದು, ಮೇಸ್ತ್ರಿಯ ಮತ್ತು ಊರಿನಲ್ಲಿರುವ ಅತ್ತೆಯ ಮೊಬೈಲ್ ಸಂಖ್ಯೆಗಳನ್ನೂ ಗುರುತು ಹಾಕಿಕೊಳ್ಳುತ್ತೇನೆ. ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಆಗಿದೆ. ಅದಕ್ಕೆ ಬೇಕಾದ ಆ ತಾಯಿಯ ಪಾಸ್‌ಬುಕ್ ಊರಿನಲ್ಲಿತ್ತು. ಅದರ ಫೋಟೊ ಕಳುಹಿಸಿಕೊಟ್ಟವರೂ ಆ ಅತ್ತೆಯೇ.

ನಾಲ್ಕನೇ ತಿಂಗಳಲ್ಲಿ ಫೋನ್ ಬಂತು. ‘ಅಕ್ಕಾ, ಹತ್ತಿ ಬಿಡಿಸಲು ನಾಳೆ ಊರಿಗೆ ಹೊರಟಿದ್ದೇವೆ.’ ಹೊರಡುವ ಮುಂಚೆ ತಿಳಿಸಿ ಎಂದು ಪ್ರತಿ ಸಲ ಬೇಡಿಕೊಂಡದ್ದು ಫಲಿಸಿತು. ರಾತ್ರಿಯೇ ಹೋಗಿ 15 ದಿನದ ಮಾತ್ರೆ ಕೈಗಿಟ್ಟೆ. ಬೆಳಿಗ್ಗೆ ಕ್ಷಯರೋಗಿಗಳ ವಿವರ ಇಡುವ ಸರ್ಕಾರದ ಜಾಲತಾಣ ನಿಕ್ಷಯ್‌ನಲ್ಲಿ ಅವರ ದಾಖಲೆಯನ್ನು ತಾಲ್ಲೂಕು ಆಸ್ಪತ್ರೆಗೆ ವರ್ಗಾಯಿಸಿ, ಅಲ್ಲಿನ ಸಿಬ್ಬಂದಿಯೊಂದಿಗೆ ಮಾತನಾಡಿದೆ. 6 ತಿಂಗಳು ತುಂಬಿದ ದಿನ ಊರಿನಿಂದಲೇ ಕರೆ ಮಾಡಿ, ಪಕ್ಕದ ಶೆಡ್ಡಿನ ಅಜ್ಜನ ಕೆಮ್ಮು ಹೇಗಿದೆಯೆಂದು ವಿಚಾರಿಸಿದರು.

ಆ ಶೆಡ್ಡುಗಳು ಈಗ ಅಲ್ಲಿಲ್ಲ. ಮೇಸ್ತ್ರಿಯಿಂದ ಹೊಸ ಜಾಗ ತಿಳಿದುಕೊಂಡಿದ್ದೇನೆ. ಅಜ್ಜನನ್ನು ನೋಡಲು ನಾಳೆ ಸಂಜೆ ಹೋಗುತ್ತಿದ್ದೇನೆ.