ಲೆನ್ಸ್ ಬಿಚ್ಚುವ ಮೊದಲು ಕಾಲಿಮೇಟರ್ ನೋಡಿ

ಕ್ಯಾಮೆರಾ ಲೆನ್ಸ್ ಬಹಳ ದೂರದ ವಸ್ತುವಿಗೆ ಸರಿಯಾಗಿ ಫೋಕಸ್ ಆಗುತ್ತದಾ ಅಂತ ನೋಡುವ ಉಪಕರಣವೇ ಕಾಲಿಮೇಟರ್. ಹಳೇ ಕಾಲಿಮೇಟರ್ ಮೇಲಿರುವ ಇನ್ಫಿನಿಟಿ (ಅನಂತ ದೂರದ) ಗುರುತನ್ನು ನಾನು ಸುಮ್ನೆ ನಂಬುವುದಿಲ್ಲ. ಅದನ್ನು ಯಾರು ಯಾವಾಗ ಬಿಚ್ಚಿ ಜೋಡಿಸಿದ್ದಾರೋ ಗೊತ್ತಿರುವುದಿಲ್ಲ. ಒಳಗಿನ ರೆಟಿಕಲ್ (ಗೆರೆ ಎಳೆದ ಗಾಜು) ಒಂಚೂರು ಹಿಂದೆಮುಂದೆ ಆಗಿದ್ದರೂ ಚೆನ್ನಾಗಿರುವ ಲೆನ್ಸಿನ ಮೇಲೇ ತಪ್ಪು ಹೊರಿಸಿಬಿಡುತ್ತೇವೆ, ಅಲ್ವಾ?

ಇದನ್ನು ಸರಿಮಾಡಲು ಇನ್ನೊಂದು ದೊಡ್ಡ ಉಪಕರಣ ಬೇಡ. ಒಂದು ಒಳ್ಳೇ ಸಮತಟ್ಟು ಕನ್ನಡಿ, ಒಂದು ಗಾಸ್ ಐಪೀಸ್ (ರೆಟಿಕಲ್‌ಗೆ ಬೆಳಕು ಕೊಡುತ್ತಲೇ ಅದನ್ನು ನೋಡಲು ಬಿಡುವ ಕಣ್ಣುಗಾಜು) ಸಾಕು. ಮುಖ ನೋಡುವ ಕನ್ನಡಿ ನಡೆಯುವುದಿಲ್ಲ, ಅದರ ಲೇಪನ ಗಾಜಿನ ಹಿಂದಿರುತ್ತದೆ, ಗಾಜೂ ಅಷ್ಟು ಸಮ ಇರುವುದಿಲ್ಲ. ಮುಂದಿನ ಮೈಗೇ ಲೇಪನ ಇರುವ ಆಪ್ಟಿಕಲ್ ಫ್ಲಾಟ್ ಬೇಕು. ಅದನ್ನು ಕಾಲಿಮೇಟರ್ ಎದುರಿಗೆ ನಿಲ್ಲಿಸಿ ರೆಟಿಕಲ್‌ಗೆ ಬೆಳಕು ಕೊಟ್ಟರೆ, ಹೊರಗೆ ಹೋದ ಬೆಳಕು ಕನ್ನಡಿಗೆ ಬಡಿದು ವಾಪಸ್ ಬಂದು ರೆಟಿಕಲ್ ಪಕ್ಕದಲ್ಲೇ ಅದರ ಬಿಂಬ ಮೂಡಿಸುತ್ತದೆ. ಕನ್ನಡಿಯನ್ನು ಒಂದಿಷ್ಟು ವಾಲಿಸಿದರೆ ಗೆರೆ, ಬಿಂಬ ಎರಡೂ ಬೇರೆಬೇರೆ ಕಾಣುತ್ತವೆ. ಈಗ ಕಣ್ಣನ್ನು ಎಡಕ್ಕೆ ಬಲಕ್ಕೆ ಆಡಿಸಿ ನೋಡುತ್ತೇನೆ. ಎರಡರ ನಡುವಿನ ಅಂತರ ಬದಲಾಗದಿದ್ದರೆ ಸರಿಯಿದೆ. ಬದಲಾದರೆ ರೆಟಿಕಲ್ ಸರಿಸಬೇಕು. ಈ ವಿಧಾನದಲ್ಲಿ ದೋಷ ದುಪ್ಪಟ್ಟಾಗಿ ಕಾಣುತ್ತದೆ: ರೆಟಿಕಲ್ 0.1 ಮಿ.ಮೀ. ತಪ್ಪಿದ್ದರೆ ಬಿಂಬ ಅದರಿಂದ 0.2 ಮಿ.ಮೀ. ದೂರ ಬೀಳುತ್ತದೆ. ಅದಕ್ಕೇ ನನಗೆ ಇದರ ಮೇಲೆ ಇಷ್ಟು ನಂಬಿಕೆ. ಹಸಿರು ಫಿಲ್ಟರ್ ಹಾಕುವುದನ್ನು ಮಾತ್ರ ಬಿಡಬೇಡಿ, ಹಳೇ ಗಾಜುಗಳಲ್ಲಿ ಕೆಂಪು, ನೀಲಿ, ಹಸಿರು ಒಂದೇ ಕಡೆ ಫೋಕಸ್ ಆಗುವುದಿಲ್ಲ.

ಎಷ್ಟು ತಪ್ಪಿದ್ದರೆ ನಡೆಯುತ್ತದೆ ಅನ್ನುವುದು ಲೆನ್ಸಿನ ಮೇಲಿದೆ. ಲೆನ್ಸಿನ ಫೋಕಲ್ ಲೆಂತನ್ನು ಕಾಲಿಮೇಟರಿನದರಿಂದ ಭಾಗಿಸಿ, ಅದರ ವರ್ಗವನ್ನು ರೆಟಿಕಲ್ ದೋಷಕ್ಕೆ ಗುಣಿಸಿ. 500 ಮಿ.ಮೀ. ಕಾಲಿಮೇಟರಿನಲ್ಲಿ ಅರ್ಧ ಮಿ.ಮೀ. ತಪ್ಪಿದ್ದರೂ 50 ಮಿ.ಮೀ. ಲೆನ್ಸಿನಲ್ಲಿ ಅದು 0.005 ಮಿ.ಮೀ. ಅಷ್ಟೇ, ಗೊತ್ತೇ ಆಗುವುದಿಲ್ಲ. ಅದೇ 200 ಮಿ.ಮೀ. ಲೆನ್ಸ್ ಹಾಕಿದರೆ 0.08 ಮಿ.ಮೀ., ಅಂದರೆ ಅಪರ್ಚರ್ ಪೂರ್ತಿ ತೆರೆದಾಗ ಚಿತ್ರ ಮಂಜಾಗುವಷ್ಟು. ಹಾಗಾಗಿ ಸಣ್ಣ ಲೆನ್ಸ್ ನೋಡಿ ಕಾಲಿಮೇಟರ್ ಚೆನ್ನಾಗಿದೆ ಅಂತ ತೀರ್ಮಾನ ಮಾಡುವುದು ಬೇಡ.

ಲೆನ್ಸ್ ಕೂರಿಸುವ ಮೌಂಟ್ ಕೂಡ ಅಳೆಯಬೇಕು. ಮೌಂಟ್ ಮುಖದಿಂದ ಫಿಲ್ಮ್ ಇರುವ ಜಾಗಕ್ಕೆ ನಿಕಾನ್ ಎಫ್ ಮೌಂಟಿನಲ್ಲಿ 46.5, ಲೈಕಾ ಎಂ ಮೌಂಟಿನಲ್ಲಿ 27.8 ಮಿ.ಮೀ. ಇರಬೇಕು. ಡೆಪ್ತ್ ಮೈಕ್ರೋಮೀಟರ್ (ಆಳ ಅಳೆಯುವ ಸಾಧನ) ಇಟ್ಟು ಸುತ್ತ ನಾಲ್ಕು ಕಡೆ ಅಳೆಯುತ್ತೇನೆ, ಒಂದೊಂದು ಕಡೆ ಒಂದೊಂದು ಬಂದರೆ ಮೌಂಟ್ ವಾಲಿದೆ ಅಂತಲೇ ಅರ್ಥ.

ಎಲ್ಲ ಆದ ಮೇಲೆ ಲಾಕ್ ರಿಂಗ್ ಬಿಗಿ ಮಾಡಿ, ಮತ್ತೊಮ್ಮೆ ಕನ್ನಡಿ ಇಟ್ಟು ನೋಡಿ. ಬಿಗಿ ಮಾಡುವಾಗಲೇ ರೆಟಿಕಲ್ ಜಾಸ್ತಿ ಜರುಗುವುದು.